ಶಾಖ ಮರಳಿಸುವ ವೆಂಟಿಲೇಷನ್: ಯಾವ ಮನೆಗೆ ಲೆಕ್ಕ ಗಿಟ್ಟುತ್ತದೆ, ಯಾವ ಮನೆಗೆ ಇಲ್ಲ

ಹೀಟ್ ರಿಕವರಿ ವೆಂಟಿಲೇಷನ್, ಅಂದರೆ ಎಚ್‌ಆರ್‌ವಿ ಹಾಕಿಸಿದರೆ ನಿಜಕ್ಕೂ ಶಕ್ತಿ ಉಳಿಯುತ್ತದೆಯೇ, ಅಥವಾ ಎರಡು ಫ್ಯಾನು ಹಗಲೂ ರಾತ್ರಿ ತಿರುಗಿ ಉಳಿದದ್ದನ್ನೆಲ್ಲ ತಿಂದುಹಾಕುತ್ತವೆಯೇ? ಹೌದು ಎನ್ನುವವರೂ ಇಲ್ಲ ಎನ್ನುವವರೂ ಸಾಮಾನ್ಯವಾಗಿ ತಮ್ಮ ತಮ್ಮ ಮನೆಯ ಮಟ್ಟಿಗೆ ಸರಿಯೇ. ಒಬ್ಬರದು ಕೊರೆಯುವ ಚಳಿಯ ಊರಿನ ಬಿಗಿ ಮನೆ, ಇನ್ನೊಬ್ಬರದು ಹಿತವಾದ ಹವೆಯ ಊರಿನ ಸಂದುಗೊಂದಿನ ಹಳೇ ಮನೆ. ಹಾಗಾಗಿ ಯಂತ್ರದ ಹೆಸರು ನೋಡುವ ಮೊದಲು ನಿಮ್ಮ ಮನೆಯ ಲೆಕ್ಕ ಹಾಕಿಕೊಳ್ಳುವುದನ್ನು ಕಲಿಯಬೇಕು. ಗುಣಾಕಾರ ಭಾಗಾಕಾರ ಬಂದರೆ ಸಾಕು.

ಮೊದಲು ಒಂದು ಮಾತು ಇತ್ಯರ್ಥವಾಗಲಿ. ಉಳಿತಾಯ ಎಂದರೆ ಯಾವುದಕ್ಕೆ ಹೋಲಿಸಿದರೆ? ಚಳಿಗಾಲವಿಡೀ ಕಿಟಕಿ ಮುಚ್ಚಿಕೊಂಡು, ಗಾಳಿಯಾಡದೆ, ಗೋಡೆಯ ಮೂಲೆಗೆ ಬೂಸ್ಟು ಹಿಡಿದ ಮನೆಯ ಜೊತೆ ಹೋಲಿಸಿದರೆ ಎಚ್‌ಆರ್‌ವಿ ಖಂಡಿತ ಹೆಚ್ಚು ಶಕ್ತಿ ಬಳಸುತ್ತದೆ. ಆ ಮನೆಯಲ್ಲಿ ಗಾಳಿಯೇ ಬದಲಾಗುತ್ತಿಲ್ಲವಲ್ಲ. ನ್ಯಾಯವಾದ ಹೋಲಿಕೆ ಒಂದೇ: ಅಷ್ಟೇ ಹೊಸ ಗಾಳಿಯನ್ನು ಬೇರೆ ವಿಧಾನದಲ್ಲಿ ಒಳಗೆ ತಂದರೆ ಎಷ್ಟು ಖರ್ಚು, ಶಾಖ ಮರಳಿಸಿ ತಂದರೆ ಎಷ್ಟು. ಮುಂದಿನ ಲೆಕ್ಕವೆಲ್ಲ ಈ ಆಧಾರದ ಮೇಲೆಯೇ ನಿಂತಿದೆ.

ಯಂತ್ರದ ಒಳಗೆ ನಡೆಯುವುದು ಸರಳ. ಬಚ್ಚಲು, ಶೌಚಾಲಯ, ಅಡುಗೆಮನೆಯಿಂದ ಎಳೆದ ಬೆಚ್ಚಗಿನ ಗಾಳಿ ತೆಳುವಾದ ಪದರಗಳ ಒಂದು ಬದಿಯಲ್ಲಿ ಹೊರಕ್ಕೆ ಹರಿಯುತ್ತದೆ, ಹೊರಗಿನ ತಣ್ಣನೆಯ ಗಾಳಿ ಇನ್ನೊಂದು ಬದಿಯಲ್ಲಿ ಎದುರು ದಿಕ್ಕಿನಿಂದ ಒಳಕ್ಕೆ ಬರುತ್ತದೆ. ಎರಡೂ ಗಾಳಿ ಬೆರೆಯುವುದಿಲ್ಲ, ಶಾಖ ಮಾತ್ರ ಪದರ ದಾಟುತ್ತದೆ. 1973ರ ತೈಲ ಬಿಕ್ಕಟ್ಟಿನ ನಂತರ ಚಳಿ ದೇಶಗಳು ಮನೆಗಳನ್ನು ಬಿಗಿಯಾಗಿ ಕಟ್ಟತೊಡಗಿದಾಗ ಇದರ ಅಗತ್ಯ ಎದ್ದು ಕಂಡಿತು. 1977ರಲ್ಲಿ ಕೆನಡಾದ ರೆಜೈನಾದಲ್ಲಿ ಎದ್ದ ಸಸ್ಕಾಚೆವಾನ್ ಕನ್ಸರ್ವೇಷನ್ ಹೌಸ್ ಈ ಬಗೆಯ ಶಾಖ ವಿನಿಮಯಕ ಅಳವಡಿಸಿದ ಮೊದಮೊದಲ ಮನೆಗಳಲ್ಲೊಂದು. 1991ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಮುಗಿದ, ಅತಿ ಕಡಿಮೆ ಶಕ್ತಿಯಲ್ಲಿ ಬೆಚ್ಚಗಿರುವಂತೆ ಕಟ್ಟಿದ ಮೊದಲ ಪ್ಯಾಸಿವ್ ಹೌಸ್‌ನಲ್ಲೂ ಇದೇ ತತ್ವ.

ಅಳೆಯಬೇಕಾದ ಐದು ಸಂಗತಿ

ಒಂದು, ನಿಮಗೆ ಬೇಕಾದ ಗಾಳಿಯ ಪ್ರಮಾಣ. ತಲೆಗೆ ಗಂಟೆಗೆ 30 ಘನ ಮೀಟರ್ ಎಂಬುದು ಒಳ್ಳೆಯ ಆರಂಭ. ಎಳೆಯುವ ಕಡೆಯಿಂದಲೂ ಒಮ್ಮೆ ಕೂಡಿಸಿ ನೋಡಬೇಕು: ಅಡುಗೆಮನೆಗೆ 45ರಿಂದ 60, ಸ್ನಾನದ ಮನೆಗೆ 40, ಬರೀ ಶೌಚಾಲಯಕ್ಕೆ 20. ಇವು ಪೂರ್ತಿ ವೇಗದಲ್ಲಿ ಓಡಿಸುವಾಗಿನ ಅಳತೆ; ದಿನದ ಹೆಚ್ಚಿನ ಹೊತ್ತು ಇದಕ್ಕಿಂತ ಕಡಿಮೆ ವೇಗ ಸಾಕಾಗುತ್ತದೆ.

ಎರಡು, ಚಳಿಯ ತೀವ್ರತೆ. ಇದನ್ನು ಡಿಗ್ರಿ-ದಿನಗಳಲ್ಲಿ ಅಳೆಯುತ್ತಾರೆ. ಒಳಗೆ 20 ಡಿಗ್ರಿ ಬೇಕಿದ್ದು, ಹೊರಗಿನ ದಿನದ ಸರಾಸರಿ 5 ಇದ್ದರೆ ಆ ದಿನದ ಲೆಕ್ಕ 15. ಹೀಟರ್ ಹಚ್ಚುವ ಎಲ್ಲ ದಿನಗಳದ್ದೂ ಕೂಡಿಸಿದರೆ ವರ್ಷದ ಮೊತ್ತ. ಮೂರು, ಮನೆಯನ್ನು ಬಿಸಿ ಮಾಡುವುದು ಯಾವುದರಿಂದ: ನೇರ ವಿದ್ಯುತ್ ಹೀಟರ್, ಗ್ಯಾಸ್ ಬಾಯ್ಲರ್, ಅಥವಾ ಎಸಿಯನ್ನು ಉಲ್ಟಾ ಓಡಿಸಿದಂತೆ ಹೊರಗಿನ ಶಾಖವನ್ನು ಒಳಗೆ ತರುವ ಹೀಟ್ ಪಂಪ್. ನಾಲ್ಕು, ಫ್ಯಾನಿನ ಹಸಿವು. ಒಂದು ಘನ ಮೀಟರ್ ಗಾಳಿ ಸಾಗಿಸಲು ಎಷ್ಟು ವ್ಯಾಟ್-ಗಂಟೆ ಬೇಕು ಎಂಬುದೇ ಇದರ ಅಳತೆ. ಪ್ಯಾಸಿವ್ ಹೌಸ್ ಪ್ರಮಾಣಪತ್ರಕ್ಕೆ 0.45 ಗರಿಷ್ಠ ಮಿತಿ. ಗಾಳಿ ಸಾಗಿಸುವ ಕೊಳವೆಗಳ, ಅಂದರೆ ಡಕ್ಟ್‌ಗಳ ಕೆಲಸ ಕೆಟ್ಟಿದ್ದರೆ ಒಳ್ಳೆಯ ಯಂತ್ರವೂ ಇದನ್ನು ಮೀರುತ್ತದೆ.

ಐದನೆಯದು ಮನೆಯ ಸೋರಿಕೆ. ಜನ ಅತಿ ಕಡಿಮೆ ಗಮನ ಕೊಡುವುದೂ ಇದಕ್ಕೇ, ಲೆಕ್ಕವನ್ನು ಬುಡಮೇಲು ಮಾಡುವುದೂ ಇದೇ. ಬಾಗಿಲಿಗೆ ಫ್ಯಾನು ಕಟ್ಟಿ 50 ಪ್ಯಾಸ್ಕಲ್ ಒತ್ತಡದಲ್ಲಿ ಮಾಡುವ ಬ್ಲೋಯರ್ ಡೋರ್ ಪರೀಕ್ಷೆಯಲ್ಲಿ, ಗಂಟೆಗೆ ಮನೆಯ ಗಾಳಿ ಎಷ್ಟು ಸಲ ಬದಲಾಗುತ್ತದೆ ಎಂಬ ಅಂಕಿ ಸಿಗುತ್ತದೆ. ಅದನ್ನು 20ರಿಂದ ಭಾಗಿಸಿದರೆ ಸಾಮಾನ್ಯ ದಿನದ ಸೋರಿಕೆಯ ಅಂದಾಜು. ಅಂಕಿ 6 ಬಂದರೆ ಗಂಟೆಗೆ 0.3 ಸಲ ಗಾಳಿ ಬದಲಾವಣೆ, ಯಾರೂ ಏನೂ ಮಾಡದೆ, ಬರೀ ಸಂದುಗಳಿಂದ.

ಕಾಗದದ ಮೇಲೆ ಒಂದು ಮನೆ

100 ಚದರ ಮೀಟರ್ ಮನೆ, ಚಾವಣಿ 2.5 ಮೀಟರ್ ಎತ್ತರ, ಒಟ್ಟು 250 ಘನ ಮೀಟರ್. ನಾಲ್ಕು ಜನ, ಗಂಟೆಗೆ 120 ಘನ ಮೀಟರ್ ಹೊಸ ಗಾಳಿ. ಒಂದು ಘನ ಮೀಟರ್ ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಲು 0.34 ವ್ಯಾಟ್-ಗಂಟೆ ಬೇಕು. 0.34 × 120 ಅಂದರೆ ಒಳಗೂ ಹೊರಗೂ ಇರುವ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ 41 ವ್ಯಾಟ್. ಒಳಗೆ 20, ಹೊರಗೆ 0 ಇದ್ದಾಗ 820 ವ್ಯಾಟ್. ಸಣ್ಣದೊಂದು ರೂಮ್ ಹೀಟರ್ ಬಿಡದೆ ಉರಿದಂತೆ.

ಈ ಮನೆ 3000 ಡಿಗ್ರಿ-ದಿನಗಳ ಊರಿನಲ್ಲಿದೆ ಎನ್ನೋಣ. 41 × 24 × 3000 ಮಾಡಿ ಸಾವಿರದಿಂದ ಭಾಗಿಸಿದರೆ ವರ್ಷಕ್ಕೆ ಸುಮಾರು 2950 ಯೂನಿಟ್ (ಕಿಲೋವ್ಯಾಟ್-ಗಂಟೆ) ಶಾಖ ಗಾಳಿಯ ಜೊತೆ ಹೊರಗೆ ಹೋಗುತ್ತದೆ. ವಾಸ್ತವದಲ್ಲಿ ಶೇ 80 ಮರಳಿಸುವ ಎಚ್‌ಆರ್‌ವಿ ಇದರಲ್ಲಿ 2360 ಯೂನಿಟ್ ವಾಪಸ್ ತರುತ್ತದೆ. ಫ್ಯಾನು ಘನ ಮೀಟರಿಗೆ 0.4 ವ್ಯಾಟ್-ಗಂಟೆಯಂತೆ 48 ವ್ಯಾಟ್, ವರ್ಷವಿಡೀ ಓಡಿದರೆ 420 ಯೂನಿಟ್. ಇದರ ಬದಲು ಬರೀ ಎಕ್ಸಾಸ್ಟ್ ಫ್ಯಾನಿನಿಂದ ಅಷ್ಟೇ ಗಾಳಿ ಎಳೆದಿದ್ದರೂ ಸುಮಾರು 18 ವ್ಯಾಟ್, ಅಂದರೆ 158 ಯೂನಿಟ್ ಹೋಗುತ್ತಿತ್ತು. ಹಾಗಾಗಿ ಎಚ್‌ಆರ್‌ವಿಯ ತಲೆಗೆ ಕಟ್ಟಬೇಕಾದ ಹೆಚ್ಚುವರಿ ಖರ್ಚು 260 ಯೂನಿಟ್ ಮಾತ್ರ.

ಈಗ ಹೀಟಿಂಗ್ ಬಗೆಗೆ ಬನ್ನಿ. ನೇರ ವಿದ್ಯುತ್ ಹೀಟರ್ ಇದ್ದರೆ ವರ್ಷಕ್ಕೆ ನಿವ್ವಳ 2100 ಯೂನಿಟ್ ಕರೆಂಟು ಉಳಿಯಿತು. ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್ ಶಾಖ ಕೊಡುವ ಹೀಟ್ ಪಂಪ್ ಇದ್ದರೆ ಆ 2360 ಯೂನಿಟ್ ಶಾಖದ ಬೆಲೆ 787 ಯೂನಿಟ್ ಕರೆಂಟು ಅಷ್ಟೇ. 260 ಕಳೆದರೆ ಉಳಿದದ್ದು 525ರ ಆಸುಪಾಸು. ಗ್ಯಾಸ್ ಬಾಯ್ಲರ್ ಶೇ 90 ದಕ್ಷತೆಯದ್ದಾದರೆ 2620 ಯೂನಿಟ್ ಗ್ಯಾಸ್ ಉಳಿಯುತ್ತದೆ, 260 ಯೂನಿಟ್ ಕರೆಂಟು ಹೋಗುತ್ತದೆ. ಅಲ್ಲಿ ಕರೆಂಟಿನ ಯೂನಿಟ್ ಗ್ಯಾಸಿನ ಯೂನಿಟ್‌ಗಿಂತ ಮೂರು ಪಟ್ಟು ದುಬಾರಿಯಾದರೆ 780 ಕಳೆದು, 1840 ಯೂನಿಟ್ ಗ್ಯಾಸಿಗೆ ಸಮನಾದ ಲಾಭ.

ಅದೇ ಮನೆಯನ್ನು 1000 ಡಿಗ್ರಿ-ದಿನಗಳ ಊರಿಗೆ ಎತ್ತಿಡಿ. ಮರಳುವ ಶಾಖ 787 ಯೂನಿಟ್‌ಗೆ ಇಳಿಯಿತು. ಹೀಟ್ ಪಂಪ್ ಇದ್ದರೆ ಅದರ ಬೆಲೆ 262 ಯೂನಿಟ್ ಕರೆಂಟು. ಫ್ಯಾನು ತಿಂದದ್ದೂ ಅಷ್ಟೇ. ಅಲ್ಲಿಗೆ ಉಳಿತಾಯ ಸೊನ್ನೆ. ಬೇಸಿಗೆಯ ಆರು ತಿಂಗಳು ಯಂತ್ರ ನಿಲ್ಲಿಸಿ ಕಿಟಕಿ ತೆರೆದಿಟ್ಟರೆ ಒಂದು 130 ಯೂನಿಟ್ ದಕ್ಕಬಹುದು. ಇಂಥ ಊರಿನಲ್ಲಿ ಇಂಥ ಹೀಟಿಂಗ್ ಇರುವವರಿಗೆ ಎಚ್‌ಆರ್‌ವಿಯನ್ನು ಶಕ್ತಿ ಉಳಿತಾಯದ ಹೆಸರಿನಲ್ಲಿ ಮಾರುವುದು ತಪ್ಪು. ಗಾಳಿಯ ಗುಣ, ಸದ್ದು, ಧೂಳು, ಪರಾಗದ ಅಲರ್ಜಿ ಎಂಬ ಕಾರಣಗಳಿಗೆ ಅವರು ಕೊಳ್ಳಬಹುದು, ಅದು ಬೇರೆ ಮಾತು.

ಇನ್ನು ಸೋರಿಕೆ ಈ ಲೆಕ್ಕದಲ್ಲಿ ಏನು ಮಾಡುತ್ತದೆ ನೋಡಿ. ಮನೆಯ ಪರೀಕ್ಷೆಯ ಅಂಕಿ 6 ಆದರೆ ಗಂಟೆಗೆ 75 ಘನ ಮೀಟರ್ ಗಾಳಿ ಸಂದುಗಳಿಂದ ನುಸುಳುತ್ತದೆ. ಎಕ್ಸಾಸ್ಟ್ ಫ್ಯಾನು ಮನೆಯೊಳಗೆ ಒತ್ತಡ ಇಳಿಸುವುದರಿಂದ, ಹೇಗೂ ನುಸುಳುತ್ತಿದ್ದ ಗಾಳಿಯೇ ಅದಕ್ಕೆ ಬೇಕಾದ ಹೊಸ ಗಾಳಿಯ ಒಂದು ಪಾಲಾಗುತ್ತದೆ. ಒಟ್ಟು 195 ಆಗುವುದಿಲ್ಲ; ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆಯುವ ರೂಢಿಯ ಅಂದಾಜಿನಂತೆ 141. ಎಚ್‌ಆರ್‌ವಿ ಎಷ್ಟು ಎಳೆಯುತ್ತದೋ ಅಷ್ಟನ್ನೇ ಒಳಗೂ ತಳ್ಳುತ್ತದೆ, ಒತ್ತಡ ಬದಲಾಗುವುದಿಲ್ಲ. ಆದ್ದರಿಂದ 75ರ ಸೋರಿಕೆ ಹಾಗೇ ಉಳಿದು, ಅದರ ಮೇಲೆ 120ರಲ್ಲಿ ಮರಳದ ಶೇ 20, ಅಂದರೆ 24 ಸೇರಿ 99. ಉಳಿದದ್ದು 42 ಘನ ಮೀಟರಿನ ಶಾಖ. ಪರೀಕ್ಷೆಯ ಅಂಕಿ 0.6 ಇರುವ ಬಿಗಿ ಮನೆಯಲ್ಲಿ ಇದೇ ಲೆಕ್ಕ 120ರಿಂದ 31ಕ್ಕೆ ಇಳಿದು 89 ಉಳಿಯುತ್ತದೆ. ಒಂದೇ ಯಂತ್ರ, ಒಂದೇ ಊರು. ಸೋರುವ ಮನೆಗೆ ಅರ್ಧಕ್ಕಿಂತ ಕಡಿಮೆ ಲಾಭ.

ಆದ್ದರಿಂದ ಪರೀಕ್ಷೆಯ ಅಂಕಿ 3ಕ್ಕಿಂತ ಮೇಲಿದ್ದರೆ ಹಣ ಮೊದಲು ಸಂದು ಮುಚ್ಚಲು ಹೋಗಲಿ. ಕಿಟಕಿ ಚೌಕಟ್ಟು ಗೋಡೆಗೆ ಸೇರುವ ಅಂಚು, ಅಟ್ಟದ ಬಾಗಿಲು, ಪೈಪು ವೈರು ಗೋಡೆ ತೂರಿದ ಕಡೆ, ಸ್ವಿಚ್ ಬಾಕ್ಸಿನ ಹಿಂಬದಿ. 1.5ರ ಕೆಳಗೆ ಬಂದರೆ ಎಚ್‌ಆರ್‌ವಿಗೆ ಅದು ಒಳ್ಳೆಯ ಮನೆ.

ಆಯ್ಕೆಗಳು

ಕಿಟಕಿ ತೆರೆಯುವುದು. ಖರ್ಚಿಲ್ಲ. ಎದುರುಬದುರು ಕಿಟಕಿಗಳನ್ನು ಪೂರ್ತಿ ತೆರೆದು ಐದು ನಿಮಿಷ ಬಿಟ್ಟು ಮುಚ್ಚಿದರೆ ಗಾಳಿ ಬದಲಾಗುತ್ತದೆ, ಗೋಡೆ ನೆಲದಲ್ಲಿ ಕೂತ ಶಾಖ ಹಾಗೇ ಇರುತ್ತದೆ. ಚಳಿಯಲ್ಲಿ ಕಿಟಕಿಯನ್ನು ದಿನವಿಡೀ ಓರೆಯಾಗಿ ತೆರೆದಿಡುವುದಕ್ಕಿಂತ ಇದು ಎಷ್ಟೋ ಮೇಲು. ಓರೆ ಕಿಟಕಿ ಸುತ್ತಲಿನ ಗೋಡೆಯನ್ನು ತಣ್ಣಗಾಗಿಸುತ್ತದೆ, ಅಲ್ಲೇ ಬೂಸ್ಟು ಹಿಡಿಯುವುದು. ತೊಂದರೆ ಇರುವುದು ರಾತ್ರಿಯಲ್ಲಿ. ಇಬ್ಬರು ಮಲಗಿದ ಮುಚ್ಚಿದ ಕೋಣೆಯಲ್ಲಿ ಇಂಗಾಲದ ಡೈಆಕ್ಸೈಡ್ ಕೆಲವೇ ಗಂಟೆಯಲ್ಲಿ 1000 ಪಿಪಿಎಂ ದಾಟುತ್ತದೆ, ನಡುರಾತ್ರಿ ಎದ್ದು ಕಿಟಕಿ ತೆರೆಯುವವರಿಲ್ಲ. ಸೋರುವ ಹಳೇ ಮನೆಗೂ ಹಿತ ಹವೆಯ ಊರಿಗೂ ಇದೇ ಸಾಕು. ಬಿಗಿ ಮನೆಗೆ ಸಾಲದು.

ಬಿಡದೆ ಓಡುವ ಎಕ್ಸಾಸ್ಟ್ ಫ್ಯಾನು. ಬಚ್ಚಲು, ಅಡುಗೆಮನೆಯಿಂದ ಸಣ್ಣ ವೇಗದಲ್ಲಿ ಸದಾ ಎಳೆಯುವ ಫ್ಯಾನು, ಮಲಗುವ ಕೋಣೆಗಳ ಗೋಡೆ ಅಥವಾ ಕಿಟಕಿ ಚೌಕಟ್ಟಿನಲ್ಲಿ ಗಾಳಿ ಬರಲು ಸಣ್ಣ ಕಿಂಡಿ. ಇದಕ್ಕೆ ಸಿಗಬೇಕಾದ ಗೌರವ ಸಿಕ್ಕಿಲ್ಲ. ತೇವಾಂಶ ಗ್ರಹಿಸಿ ತಾನೇ ವೇಗ ಬದಲಿಸುವ ಬಗೆಯನ್ನು ಹಾಕಿ, ಸರಾಸರಿ ಹರಿವು 120ರಿಂದ 80ಕ್ಕೆ ಇಳಿದರೆ ನಮ್ಮ ಕಾಗದದ ಮನೆಯಲ್ಲಿ ಸುಮಾರು 980 ಯೂನಿಟ್ ಶಾಖ ಉಳಿಯಿತು, ಶಾಖ ವಿನಿಮಯಕದ ಹಂಗೇ ಇಲ್ಲದೆ. ಡಕ್ಟು ಕಡಿಮೆ, ಫಿಲ್ಟರ್ ತಲೆನೋವು ಕಡಿಮೆ. ಬೆಲೆ ತೆರುವುದು ಬೇರೆ ಕಡೆ: ಕಿಂಡಿಯಿಂದ ಕೊರೆಯುವ ಗಾಳಿ ನೇರ ಮೈಮೇಲೆ ಬರುತ್ತದೆ, ಚಳಿ ತಡೆಯಲಾರದೆ ಜನ ಬಟ್ಟೆ ತುರುಕಿ ಮುಚ್ಚುತ್ತಾರೆ, ಅಲ್ಲಿಗೆ ವ್ಯವಸ್ಥೆ ಸತ್ತಂತೆ. ಕಿಂಡಿಯನ್ನು ರೇಡಿಯೇಟರಿನ ಮೇಲೆ, ತಲೆಯ ಎತ್ತರಕ್ಕಿಂತ ಮೇಲೆ ಇಟ್ಟರೆ ಈ ಕಾಟ ಬಹಳ ಮಟ್ಟಿಗೆ ತಗ್ಗುತ್ತದೆ. ಇನ್ನೊಂದು ಎಚ್ಚರಿಕೆ ಜೀವಕ್ಕೆ ಸಂಬಂಧಿಸಿದ್ದು. ಕೋಣೆಯ ಗಾಳಿಯನ್ನೇ ಬಳಸಿ ಚಿಮಣಿಗೆ ಹೊಗೆ ಬಿಡುವ ಸೌದೆ ಒಲೆ ಅಥವಾ ಗ್ಯಾಸ್ ಹೀಟರ್ ಮನೆಯಲ್ಲಿದ್ದರೆ ಎಕ್ಸಾಸ್ಟ್ ಫ್ಯಾನು ಆ ಹೊಗೆಯನ್ನು ವಾಪಸ್ ಒಳಗೆಳೆಯಬಲ್ಲದು, ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಒಂದೋ ಒಲೆಗೆ ಹೊರಗಿನಿಂದ ಪ್ರತ್ಯೇಕ ಗಾಳಿಯ ಪೈಪು ಬೇಕು, ಇಲ್ಲವೇ ಈ ಆಯ್ಕೆ ಬೇಡ.

ಇದರದೇ ಇನ್ನೊಂದು ರೂಪ ಎಕ್ಸಾಸ್ಟ್ ಗಾಳಿಯ ಶಾಖವನ್ನು ಹೀಟ್ ಪಂಪ್ ಮೂಲಕ ಬಿಸಿನೀರಿಗೆ ತಿರುಗಿಸುವುದು. ಒಳಬರುವ ಗಾಳಿಗೆ ಡಕ್ಟ್ ಎಳೆಯುವ ಜಾಗವಿಲ್ಲದ, ಬಿಸಿನೀರಿನ ಬಳಕೆ ಜಾಸ್ತಿ ಇರುವ ಮನೆಗೆ ಹೊಂದುತ್ತದೆ.

ಗೋಡೆಯಲ್ಲಿ ಕೂರುವ ಜೋಡಿ ಯಂತ್ರಗಳು. ಗೋಡೆಗೆ ಸುಮಾರು 160 ಮಿಲಿಮೀಟರ್ ತೂತು, ಒಳಗೆ ಜೇನುಗೂಡಿನಂಥ ಸೆರಾಮಿಕ್ ದಿಮ್ಮಿ, ಒಂದು ಫ್ಯಾನು. ಒಂದು ನಿಮಿಷ ಚಿಲ್ಲರೆ ಹೊತ್ತು ಗಾಳಿಯನ್ನು ಹೊರಗೆ ತಳ್ಳಿ ದಿಮ್ಮಿಯನ್ನು ಬಿಸಿ ಮಾಡಿಕೊಳ್ಳುತ್ತದೆ, ಮುಂದಿನ ಅಷ್ಟೇ ಹೊತ್ತು ಹೊರಗಿನ ಗಾಳಿಯನ್ನು ಆ ಬಿಸಿ ದಿಮ್ಮಿಯ ಮೂಲಕ ಒಳಗೆ ಎಳೆಯುತ್ತದೆ. ಜೋಡಿಯ ಇನ್ನೊಂದು ಯಂತ್ರ ಇದಕ್ಕೆ ಉಲ್ಟಾ. ಡಕ್ಟ್ ಇಲ್ಲ, ಚಾವಣಿ ಒಡೆಯಬೇಕಿಲ್ಲ. ಜನ ವಾಸವಿರುವ ಮನೆಗೆ ಒಂದೊಂದೇ ಕೋಣೆಗೆ ಹಾಕುತ್ತ ಹೋಗಬಹುದು, ಹಣವೂ ಕಂತಿನಲ್ಲಿ ಹೋಗುತ್ತದೆ. ಕೊಳ್ಳುವಾಗ ಎರಡು ಕಡೆ ಮೋಸಹೋಗುತ್ತೀರಿ. ಡಬ್ಬಿಯ ಮೇಲೆ ಗಂಟೆಗೆ 30 ಘನ ಮೀಟರ್ ಎಂದಿದ್ದರೆ ಅದು ಅರ್ಧ ಹೊತ್ತು ಮಾತ್ರ ಒಳಗೆ ತರುತ್ತದೆ, ಅಂದರೆ ಸರಾಸರಿ 15. ಜೋಡಿ ಸೇರಿ 30, ಒಬ್ಬರಿಗೆ ಸಾಕಾಗುವಷ್ಟು. ನಾಲ್ಕು ಜನಕ್ಕೆ ನಾಲ್ಕು ಜೋಡಿ ಲೆಕ್ಕ ಹಿಡಿಯಬೇಕು. ಎರಡನೆಯದು, ಡಬ್ಬಿಯ ಮೇಲಿನ ಶೇ 90 ಎಂಬ ಅಂಕಿ ಗಾಳಿ ಬೀಸದ ಪ್ರಯೋಗಾಲಯದ್ದು. ಈ ಸಣ್ಣ ಫ್ಯಾನುಗಳಿಗೆ ಬಲ ಕಡಿಮೆ. ಗಾಳಿ ಹೊಡೆಯುವ ಎತ್ತರದ ಗೋಡೆಯಲ್ಲಿ ಒಳಹರಿವೂ ಹೊರಹರಿವೂ ಸಮ ಇರುವುದಿಲ್ಲ, ದಕ್ಷತೆ ಬೀಳುತ್ತದೆ. ಹೊರಗಿನ ಸದ್ದೂ ತೂತಿನಿಂದ ಬರುತ್ತದೆ. ಸ್ನಾನದ ಮನೆಗೆ ಇದು ಬೇಡ: ಹೊರಗೆ ಹೋದ ತೇವ ದಿಮ್ಮಿಯ ಮೇಲೆ ಕೂತು ಮುಂದಿನ ಸರದಿಯಲ್ಲಿ ವಾಪಸ್ ಬರುತ್ತದೆ. ಅಲ್ಲಿಗೆ ಸಾದಾ ಎಕ್ಸಾಸ್ಟ್ ಫ್ಯಾನೇ ಸರಿ.

ಇಡೀ ಮನೆಗೆ ಒಂದೇ ಎಚ್‌ಆರ್‌ವಿ. ಲೆಕ್ಕದಲ್ಲಿ ಶೇ 80 ಎಂದು ಹಿಡಿದದ್ದು ಇದನ್ನೇ. ಮಲಗುವ ಕೋಣೆ, ಹಾಲ್‌ಗೆ ಹೊಸ ಗಾಳಿ, ಬಚ್ಚಲು ಅಡುಗೆಮನೆಯಿಂದ ಹಳೇ ಗಾಳಿ, ನಡುವೆ ಬಾಗಿಲ ಕೆಳಗಿನ ಸಂದಿನಲ್ಲಿ ಗಾಳಿ ಸಾಗಣೆ. ಹೊಸ ಮನೆ ಕಟ್ಟುವಾಗ ಅಥವಾ ಚಾವಣಿ ಬಿಚ್ಚಿ ದುರಸ್ತಿ ಮಾಡುವಾಗ ಹಾಕುವುದಕ್ಕೂ, ಮುಗಿದ ಮನೆಗೆ ಹಾಕುವುದಕ್ಕೂ ಖರ್ಚಿನಲ್ಲಿ ಅಜಗಜಾಂತರ. ಯಂತ್ರದ ಬೆಲೆ ಅದೇ, ಡಕ್ಟಿಗಾಗಿ ಒಡೆದು ಮುಚ್ಚುವ ಕೆಲಸ ಬೇರೆ. ಯುರೋಪಿನಲ್ಲಿ 2016ರಿಂದ ಮನೆ ವೆಂಟಿಲೇಷನ್ ಯಂತ್ರಗಳ ಮೇಲೆ ಎನರ್ಜಿ ಲೇಬಲ್ ಇದೆ, ಆದರೆ ಅದು ಯಂತ್ರದ ಗುಣ ಹೇಳುತ್ತದೆಯೇ ಹೊರತು ನಿಮ್ಮ ಮನೆಯ ಡಕ್ಟಿನದ್ದಲ್ಲ. ಪ್ಯಾಸಿವ್ ಹೌಸ್ ಪ್ರಮಾಣಪತ್ರ ಹೊರಹೋಗುವ ಗಾಳಿಯ ಕಡೆಯಿಂದ ಅಳೆಯುತ್ತದೆ, ಕನಿಷ್ಠ ಶೇ 75 ಕೇಳುತ್ತದೆ. ಅಲ್ಲಿನ ಶೇ 82 ಬೇರೆ ಕಡೆಯ ಜಾಹೀರಾತಿನ ಶೇ 92ಕ್ಕಿಂತ ನಂಬಲರ್ಹ.

ಇಆರ್‌ವಿ. ಅಂದರೆ ಎನರ್ಜಿ ರಿಕವರಿ ವೆಂಟಿಲೇಷನ್; ಇದರ ಪದರ ಶಾಖದ ಜೊತೆ ತೇವಾಂಶವನ್ನೂ ದಾಟಿಸುತ್ತದೆ. ಕೊರೆಯುವ ಚಳಿಯಲ್ಲಿ ಒಳಗಿನ ಗಾಳಿ ಒಣಗಿ ಗಂಟಲು ಕೆರೆಯುವ ಮನೆಗೆ ಇದು ತೇವ ಉಳಿಸಿಕೊಡುತ್ತದೆ, ಹಿಮ ಕಟ್ಟುವುದೂ ತಡವಾಗುತ್ತದೆ. ಆದರೆ ಇದರ ನಿಜವಾದ ಜಾಗ ಸೆಕೆಯ ಊರು. ಒಳಗೆ 25, ಹೊರಗೆ 35 ಡಿಗ್ರಿ, ಒಂದು ಕಿಲೋ ಗಾಳಿಗೆ 8 ಗ್ರಾಂ ಹೆಚ್ಚು ತೇವ ಇದ್ದರೆ, ಗಂಟೆಗೆ 120 ಘನ ಮೀಟರಿನಲ್ಲಿ ಉಷ್ಣತೆಯ ಹೊರೆ ಸುಮಾರು 410 ವ್ಯಾಟ್, ತೇವದ ಹೊರೆ 780 ವ್ಯಾಟ್. ಹೊರೆಯ ಮೂರರಲ್ಲಿ ಎರಡು ಪಾಲು ತೇವದ್ದು, ಎಚ್‌ಆರ್‌ವಿ ಅದನ್ನು ಮುಟ್ಟುವುದೇ ಇಲ್ಲ. ಒಂದು ವ್ಯಾಟಿಗೆ ಮೂರು ವ್ಯಾಟ್ ತಂಪು ಕೊಡುವ ಎಸಿ ಇದ್ದರೆ ಎಚ್‌ಆರ್‌ವಿಯಿಂದ ಉಳಿಯುವುದು 110 ವ್ಯಾಟ್, ಹೆಚ್ಚುವರಿ ಫ್ಯಾನಿನ 30 ಕಳೆದರೆ 80. ಶೇ 75 ಶಾಖ, ಶೇ 60 ತೇವ ತಡೆಯುವ ಇಆರ್‌ವಿಯಿಂದ 230ರಷ್ಟು. ಆದರೆ ಎಸಿ ದಿನವಿಡೀ ಓಡುವ ಮುಚ್ಚಿದ ಮನೆಯಲ್ಲಿ ಮಾತ್ರ ಈ ಲೆಕ್ಕ. ರಾತ್ರಿ ಎರಡು ಗಂಟೆ ಒಂದು ಕೋಣೆಗೆ ಎಸಿ ಹಾಕುವವರಿಗೆ ಇದರಿಂದ ಹುಟ್ಟುವುದು ಏನೂ ಇಲ್ಲ.

ಕೆಡುವುದು ಎಲ್ಲೆಲ್ಲಿ

ಡಕ್ಟ್ ಕೆಲಸವೇ ಮುಖ್ಯ ಕಾರಣ. ಸುಕ್ಕುಗಟ್ಟಿದ ಬಳುಕುವ ಪೈಪನ್ನು ಜಗ್ಗದೆ, ಸೊಂಟ ಮುರಿದ ಹಾಗೆ ಬಗ್ಗಿಸಿ ತುರುಕಿದರೆ ಪ್ರತಿರೋಧ ಏರಿ, ಫ್ಯಾನು ಅದೇ ಗಾಳಿಗೆ ಎರಡು ಪಟ್ಟು ಕರೆಂಟು ತಿನ್ನುತ್ತದೆ. ಒಳಮೈ ನುಣುಪಾದ 75 ಮಿಲಿಮೀಟರ್ ಅರೆಗಟ್ಟಿ ಪೈಪುಗಳನ್ನು ಒಂದು ಹಂಚುಪೆಟ್ಟಿಗೆಯಿಂದ ಪ್ರತಿ ಕೋಣೆಗೂ ಬೇರೆಬೇರೆಯಾಗಿ ಎಳೆಯುವುದು ಒಳ್ಳೆಯದು. ಒಂದು ಪೈಪಿಗೆ ಗಂಟೆಗೆ 25ರಿಂದ 30 ಘನ ಮೀಟರ್ ಮಿತಿ. ಕವಲಿನಲ್ಲಿ ಗಾಳಿಯ ವೇಗ ಸೆಕೆಂಡಿಗೆ 2 ಮೀಟರ್ ಆಸುಪಾಸು, ಮುಖ್ಯ ಪೈಪಿನಲ್ಲಿ 3ರೊಳಗೆ ಇರಲಿ. ಯಂತ್ರಕ್ಕೂ ಪೆಟ್ಟಿಗೆಗೂ ನಡುವೆ ಸೈಲೆನ್ಸರ್ ಬೇಕೇ ಬೇಕು. ಮಲಗುವ ಕೋಣೆಯಲ್ಲಿ 25 ಡೆಸಿಬಲ್ ದಾಟಿದರೆ ಮನೆಯವರು ರಾತ್ರಿ ಸ್ವಿಚ್ ಆರಿಸುತ್ತಾರೆ, ಆರಿಸಿದ ಯಂತ್ರ ಏನನ್ನೂ ಉಳಿಸುವುದಿಲ್ಲ. ಇದಕ್ಕಾಗಿಯೇ ಯಂತ್ರ ಕೊಳ್ಳುವಾಗ ಒಂದು ಅಳತೆ ದೊಡ್ಡದು ತೆಗೆದುಕೊಂಡು ಮೂರರಲ್ಲಿ ಎರಡು ಪಾಲು ವೇಗದಲ್ಲಿ ಓಡಿಸಬೇಕು.

ಹೊರಗೋಡೆಯಿಂದ ಯಂತ್ರದವರೆಗಿನ ಎರಡು ಪೈಪುಗಳು ಚಳಿಗಾಲದಲ್ಲಿ ತಣ್ಣಗಿರುತ್ತವೆ. ಬೆಚ್ಚಗಿನ ಮನೆಯೊಳಗೆ ಅವು ಉದ್ದಕ್ಕೆ ಹಾಯ್ದರೆ ಕೋಣೆಯ ಶಾಖ ಹೀರುತ್ತವೆ, ಮೈಮೇಲೆ ನೀರು ಬೆವರುತ್ತದೆ. ಎರಡು ಮೀಟರಿಗಿಂತ ಉದ್ದ ಬೇಡ, ಮೇಲೆ ಆವಿ ನುಸುಳದ ಮುಚ್ಚುಕೋಶದ ಇನ್ಸುಲೇಷನ್ ಸಂದಿಲ್ಲದಂತೆ ಸುತ್ತಿರಬೇಕು. ಯಂತ್ರ ತಣ್ಣನೆಯ ಅಟ್ಟದಲ್ಲಿದ್ದರೆ ಇದಕ್ಕೆ ತಿರುಗಾಮುರುಗಾ: ಅಲ್ಲಿ ಕೋಣೆಗಳ ಕಡೆ ಹೋಗುವ ಬೆಚ್ಚಗಿನ ಪೈಪುಗಳಿಗೆ ದಪ್ಪ ಹೊದಿಕೆ ಬೇಕು. ಒಳಗೆಳೆಯುವ ಬಾಯಿ ನೆಲದಿಂದ ಎರಡೂವರೆ ಮೀಟರ್ ಮೇಲೆ, ವಾಹನ ನಿಲ್ಲುವ ಜಾಗ, ಕಸದ ಡಬ್ಬಿ, ಒಲೆಯ ಚಿಮಣಿಯಿಂದ ದೂರ, ಹೊರಬಿಡುವ ಬಾಯಿಯಿಂದ ಕನಿಷ್ಠ ಒಂದೂವರೆ ಎರಡು ಮೀಟರ್ ಆಚೆ ಇರಲಿ. ಅಡುಗೆ ಹೊಗೆಯ ಹುಡ್ಡನ್ನು ಇದಕ್ಕೆ ಜೋಡಿಸಲೇಬಾರದು. ಜಿಡ್ಡು ಶಾಖ ವಿನಿಮಯಕದ ಸಂದುಗಳಲ್ಲಿ ಕೂತರೆ ತೊಳೆದರೂ ಹೋಗುವುದಿಲ್ಲ.

ತಣ್ಣಗಾದ ಗಾಳಿಯಿಂದ ಇಳಿಯುವ ನೀರಿಗೆ ಡ್ರೈನ್ ಪೈಪು ಇರುತ್ತದೆ, ಅದರ ಕೊನೆಗೆ ಯು ಆಕಾರದ ಟ್ರ್ಯಾಪ್. ಬೇಸಿಗೆಯಲ್ಲಿ ನೀರು ಇಳಿಯದೆ ಈ ಟ್ರ್ಯಾಪ್ ಒಣಗುತ್ತದೆ. ಆಗ ಯಂತ್ರ ಚರಂಡಿಯ ಗಾಳಿಯನ್ನು ಎಳೆಯತೊಡಗುತ್ತದೆ. ಮನೆಗೆಲ್ಲ ಕೊಳಚೆ ವಾಸನೆ, ಕಾರಣ ಹುಡುಕಿದವರು ಬಚ್ಚಲು ಒಡೆದದ್ದೂ ಉಂಟು. ಒಂದು ಲೋಟ ನೀರು ಹುಯ್ದರೆ ಮುಗಿಯಿತು. ಒಣಗಿದಾಗ ತಾನೇ ಮುಚ್ಚಿಕೊಳ್ಳುವ ಚೆಂಡಿನ ಟ್ರ್ಯಾಪ್ ಹಾಕಿಸಿದರೆ ಆ ಕೆಲಸವೂ ಇಲ್ಲ.

ಬಾಗಿಲ ಕೆಳಗೆ ಒಂದು ಸೆಂಟಿಮೀಟರ್ ಸಂದು ಬಿಡಬೇಕು. ಕಾರ್ಪೆಟ್ ಹಾಸಿದ ಮೇಲೆ ಅಳೆಯಬೇಕು, ಮೊದಲಲ್ಲ. ಸಂದಿಲ್ಲದಿದ್ದರೆ ಮಲಗುವ ಕೋಣೆಗೆ ತಳ್ಳಿದ ಗಾಳಿಗೆ ದಾರಿ ಇಲ್ಲ. ಅದು ಕಿಟಕಿ ಸಂದಿನಿಂದ ಹೊರಗೆ ನುಸುಳುತ್ತದೆ, ಬಚ್ಚಲಿನ ಕಡೆ ಎಳೆತಕ್ಕೆ ಗಾಳಿ ಇನ್ನೆಲ್ಲಿಂದಲೋ ಬರುತ್ತದೆ.

ಹೊರಗೆ ಸೊನ್ನೆಗಿಂತ ಮೂರು ನಾಲ್ಕು ಡಿಗ್ರಿ ಕೆಳಗಿಳಿದರೆ ವಿನಿಮಯಕದೊಳಗೆ ಹಿಮ ಕಟ್ಟಬಹುದು. ಅಗ್ಗದ ಯಂತ್ರಗಳು ಆಗ ಒಳಬರುವ ಫ್ಯಾನನ್ನು ನಿಲ್ಲಿಸಿ ಬಿಡುತ್ತವೆ, ಅಷ್ಟು ಹೊತ್ತು ತಣ್ಣನೆಯ ಗಾಳಿ ಸಂದುಗಳಿಂದಲೇ ನುಗ್ಗುತ್ತದೆ. ವಿದ್ಯುತ್ ಪ್ರೀಹೀಟರ್ ಇರುವ ಯಂತ್ರ ಇದನ್ನು ತಪ್ಪಿಸುತ್ತದೆ, ಆದರೆ ಅದರ ಕರೆಂಟನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೇಸಿಗೆಗೆ, ಗಾಳಿಯನ್ನು ವಿನಿಮಯಕದ ಪಕ್ಕದಿಂದ ದಾಟಿಸುವ ಬೈಪಾಸ್ ಬಾಗಿಲು ಇರಲೇಬೇಕು. ಇಲ್ಲವಾದರೆ ತಂಪು ರಾತ್ರಿಯ ಗಾಳಿಯನ್ನೂ ಯಂತ್ರ ಬಿಸಿ ಮಾಡಿಯೇ ಒಳಗೆ ಕಳಿಸುತ್ತದೆ.

ಫಿಲ್ಟರ್ ಮಾತು ಚಿಕ್ಕದು, ಖರ್ಚು ಪ್ರತಿ ವರ್ಷದ್ದು. ಒಳಬರುವ ಕಡೆ ಸಣ್ಣ ಕಣ ತಡೆಯುವ ಎಫ್-7 ದರ್ಜೆ, ಹೊರಹೋಗುವ ಕಡೆ ಜಿ-4 ಸಾಕು. ಮೂರು ತಿಂಗಳಿಗೊಮ್ಮೆ ತೆಗೆದು ನೋಡಿ, ಆರರಿಂದ ಹನ್ನೆರಡು ತಿಂಗಳಿಗೆ ಬದಲಿಸಿ. ಏಣಿ ಹತ್ತಿ ಅಟ್ಟ ತೂರಿ ಬದಲಿಸಬೇಕಾದ ಕಡೆ ಯಂತ್ರ ಇಟ್ಟರೆ ಎರಡನೇ ವರ್ಷಕ್ಕೆ ಆ ಕೆಲಸ ನಿಲ್ಲುತ್ತದೆ.

ಯಾರಿಗೆ ಯಾವುದು

2500 ಡಿಗ್ರಿ-ದಿನ ಮೀರಿದ ಊರಿನಲ್ಲಿ ಹೊಸದಾಗಿ ಬಿಗಿ ಮನೆ ಕಟ್ಟುತ್ತಿದ್ದರೆ ಇಡೀ ಮನೆಯ ಎಚ್‌ಆರ್‌ವಿ ಬಗ್ಗೆ ಹೆಚ್ಚು ಯೋಚಿಸಬೇಕಿಲ್ಲ. ನೇರ ವಿದ್ಯುತ್ ಹೀಟರ್ ಇದ್ದರಂತೂ ಅದು ಬೇಗ ದುಡಿದು ಕೊಡುತ್ತದೆ. ಅದೇ ಮನೆಗೆ ಹೀಟ್ ಪಂಪ್ ಇದ್ದರೆ ಉಳಿತಾಯ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಬರೀ ಹಣದ ದೃಷ್ಟಿಯಲ್ಲಿ ಅದು ಯಂತ್ರದ ಹದಿನೈದು ಇಪ್ಪತ್ತು ವರ್ಷದ ಆಯುಸ್ಸಿನಲ್ಲಿ ಅಸಲು ತೀರಿಸುತ್ತದೆಯೇ ಎಂದು ನಿಮ್ಮ ಊರಿನ ದರ ಹಾಕಿ ನೋಡಿ. ಸೂತ್ರ ಇಷ್ಟೇ: ವರ್ಷದ ನಿವ್ವಳ ಯೂನಿಟ್ × ದರ, ಅದರಿಂದ ಫಿಲ್ಟರ್ ಖರ್ಚು ಕಳೆದು ಬಂದದ್ದರಿಂದ, ಎಕ್ಸಾಸ್ಟ್ ಫ್ಯಾನಿಗಿಂತ ಹೆಚ್ಚಾದ ಖರ್ಚನ್ನು ಭಾಗಿಸಿ. ಎಕ್ಸಾಸ್ಟ್ ಫ್ಯಾನಿನ ಬೆಲೆ ಕಳೆಯುವುದನ್ನು ಮರೆಯಬೇಡಿ, ಬಿಗಿ ಮನೆಗೆ ಅದಾದರೂ ಬೇಕೇ ಇತ್ತು.

ಹಳೇ ಮನೆ, ಕೈಯಲ್ಲಿ ಕಡಿಮೆ ಹಣ: ಮೊದಲು ಸಂದು ಮುಚ್ಚಿ, ತೇವ ಗ್ರಹಿಸುವ ಎಕ್ಸಾಸ್ಟ್ ಫ್ಯಾನು ಹಾಕಿ. ಮುಂದೆ ಗೋಡೆ, ಕಿಟಕಿ ಸುಧಾರಿಸಿದಾಗ ಮಲಗುವ ಕೋಣೆಗಳಿಗೆ ಜೋಡಿ ಯಂತ್ರ ಸೇರಿಸಬಹುದು. ಹಿತ ಹವೆಯ ಊರಿನಲ್ಲಿ ಹೀಟ್ ಪಂಪ್ ಇರುವವರು ಎಕ್ಸಾಸ್ಟ್ ಫ್ಯಾನಿಗೇ ನಿಲ್ಲಲಿ. ಸೆಕೆ ಊರಿನ, ದಿನವಿಡೀ ಎಸಿ ಹಾಕುವ ಮುಚ್ಚಿದ ಮನೆಗೆ ಇಆರ್‌ವಿ. ಬಾಡಿಗೆ ಮನೆಯವರಿಗೆ ತೂತು ಕೊರೆಯುವ ಅವಕಾಶವಿಲ್ಲದಿದ್ದರೆ ಒಂದು ಇಂಗಾಲದ ಡೈಆಕ್ಸೈಡ್ ಮೀಟರ್ ಇಟ್ಟುಕೊಂಡು, 1000 ತೋರಿಸಿದಾಗ ಕಿಟಕಿ ಪೂರ್ತಿ ತೆರೆಯುವುದು ಈಗ ಆಗುವ ಕೆಲಸ.

ಹಾಕಿಸಿದ ಮೇಲೆ ಒಂದು ಪರೀಕ್ಷೆ ನೀವೇ ಮಾಡಿ. ಚಳಿಯ ದಿನ ಮೂರು ಥರ್ಮಾಮೀಟರ್ ಇಡಿ: ಹೊರಗೆ, ಬಚ್ಚಲಿನ ಎಳೆಯುವ ಬಾಯಿಯ ಬಳಿ, ಯಂತ್ರದಿಂದ ಕೋಣೆಗಳ ಕಡೆ ಹೊರಡುವ ಪೈಪಿನಲ್ಲಿ. ಹೊರಗೆ 2, ಎಳೆಯುವ ಕಡೆ 21, ಕೊಡುವ ಕಡೆ 17.2 ಬಂದರೆ 15.2ನ್ನು 19ರಿಂದ ಭಾಗಿಸಿ, ಶೇ 80. ಆದರೆ ಶೇ 88 ಅಥವಾ 90 ಬಂದರೆ ಖುಷಿಪಡುವ ಮೊದಲು ಹರಿವು ಅಳೆಸಿ. ಯಂತ್ರ 130 ಎಳೆದು 100 ಮಾತ್ರ ಕೊಡುತ್ತಿದ್ದರೆ, ಕಡಿಮೆ ಗಾಳಿ ಹೆಚ್ಚು ಬಿಸಿಯಾಗಿ ಅಂಕಿ ಚೆನ್ನಾಗಿ ಕಾಣುತ್ತದೆ; ಉಳಿದ 30 ಕಿಟಕಿ ಸಂದಿನಿಂದ ತಣ್ಣಗೆ ಬರುತ್ತಿರುತ್ತದೆ, ನಿಜವಾಗಿ ಮರಳಿದ್ದು ಶೇ 68 ಅಷ್ಟೇ. ಅಳವಡಿಸಿದವರು ಫ್ಲೋ ಹುಡ್ ಹಿಡಿದು ಪ್ರತಿ ಬಾಯಿಯ ಹರಿವನ್ನೂ ಅಳೆದು, ಒಳಗಿನ ಮೊತ್ತ ಹೊರಗಿನ ಮೊತ್ತಕ್ಕೆ ಶೇ 10ರೊಳಗೆ ಹೊಂದಿಸಿ, ಆ ಅಂಕಿಗಳನ್ನು ಕಾಗದದಲ್ಲಿ ಬರೆದು ಕೊಡಬೇಕು. ಕೊನೆಯ ಕಂತಿನ ಹಣವನ್ನು ಆ ಕಾಗದ ಕೈಗೆ ಬರುವವರೆಗೆ ತಡೆಹಿಡಿಯಿರಿ.